ಹಂಪೆಯ ಅರಮನೆ ಎಲ್ಲಿ ಹೋಯಿತು?



ಇಂದಿನ ಈ ಬರಹ ಇತಿಹಾಸದ ಪಾಠವೂ ಹೌದು, ಒಂದು ತಪ್ಪೊಪ್ಪಿಗೆಯೂ ಹೌದು. 1979ರ ಡಿಸೆಂಬರ್ ತಿಂಗಳಿನಲ್ಲಿ ಹತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ನಾವು ಹಂಪೆಗೆ ಶೈಕ್ಷಣಿಕ ಪ್ರವಾಸ ಹೋಗಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ರಾತ್ರಿಯೆಲ್ಲ ಬಸ್ಸಿನಲ್ಲಿ ಅಂತ್ಯಾಕ್ಷರಿ ಹಾಡಿ ಗಂಟಲು ಕಟ್ಟಿಸಿಕೊಂಡಿದ್ದ ನೀವು ಬೆಳಿಗ್ಗೆ ಹೊಸಪೇಟೆಯಲ್ಲಿ ಮುಖ ತೊಳೆದು, ಚಿತ್ರಾನ್ನದ ಪೊಟ್ಟಣಗಳನ್ನು ಹೊತ್ತು, ಟಿಪ್ಪಣಿ ಪುಸ್ತಕ ಹಿಡಿದು ಸಾಲಾಗಿ ನಡೆದಿರಿ. ಕಮಲ ಮಹಲಿನ ಮುಂದೆ ನಿಂತು ನಾನು, ಮಾರ್ಗದರ್ಶಿಯ ಮಾತನ್ನೇ ಪುನರುಚ್ಚರಿಸುತ್ತ, “ಇದು ಮಹಾರಾಣಿಯ ಅರಮನೆ, ಬರೆದುಕೊಳ್ಳಿ” ಎಂದೆ. ಹಿಂದಿನ ಸಾಲಿನಲ್ಲಿದ್ದ ಸಣಕಲು ಹುಡುಗನೊಬ್ಬ ಕೇಳಿದ: “ಸಾರ್, ಹಾಗಾದರೆ ಅರಸನ ಅರಮನೆ ಎಲ್ಲಿ? ಅವನು ಎಲ್ಲಿ ಮಲಗುತ್ತಿದ್ದ?”

ಎಲ್ಲರೂ ನಕ್ಕರು. ನಾನೂ ನಕ್ಕೆ. “ಶತ್ರುಗಳು ಒಡೆದುಹಾಕಿದರು. ಈಗ ಸಾಲಿನಲ್ಲಿ ನಿಲ್ಲು” ಎಂದು ಹೇಳಿ ಮುಂದೆ ನಡೆದೆ. ಹುಡುಗ ತಲೆ ತಗ್ಗಿಸಿ ಸಾಲಿಗೆ ಸೇರಿದ. ಆ ದಿನ ಕೇಳಿದ ಪ್ರಶ್ನೆಗಳಲ್ಲೆಲ್ಲ ಅದೇ ಒಳ್ಳೆಯ ಪ್ರಶ್ನೆಯಾಗಿತ್ತೆಂಬುದು ನನಗೆ ಹೊಳೆಯಲು ಅನೇಕ ವರ್ಷಗಳೇ ಬೇಕಾದವು. ನಿವೃತ್ತನಾದ ಮೇಲೆ ಹಂಪೆಗೆ ಮತ್ತೆ ಮತ್ತೆ ಹೋಗಿ, ಓದಬೇಕಾದುದನ್ನು ತಡವಾಗಿಯಾದರೂ ಓದಿ, ಈಗ ಉತ್ತರ ಬರೆಯುತ್ತಿದ್ದೇನೆ.

ಮೊದಲು ನಾನು ನಿಮ್ಮ ಕೈಯಲ್ಲಿ ಬರೆಸಿದ ತಪ್ಪುಗಳನ್ನು ತಿದ್ದುತ್ತೇನೆ. ಕಮಲ ಮಹಲ್, ಜನಾನಾ ಎಂದು ಕರೆಯುವ ಎತ್ತರದ ಪೌಳಿಗೋಡೆಯ ಆವರಣ, ರಾಣಿಯ ಸ್ನಾನಗೃಹ, ಇವೆಲ್ಲ ಪಟ್ಟಣ ಹಾಳಾಗಿ ಬಹುಕಾಲ ಕಳೆದ ಮೇಲೆ ಜನರು ಇಟ್ಟುಕೊಂಡ ಹೆಸರುಗಳು. ವಿಜಯನಗರದ ಶಾಸನಗಳು ಇಟ್ಟ ಹೆಸರುಗಳಲ್ಲ. ಸ್ವಲ್ಪ ಯೋಚಿಸಿ ನೋಡಿ: ಆ ಆವರಣದ ಗೋಡೆಗೆ ತಾಗಿದಂತೆಯೇ ಹನ್ನೊಂದು ಅಂಕಣಗಳ ಗಜಶಾಲೆ ಇದೆ, ಅದರೆದುರು ವಿಶಾಲವಾದ ಬಯಲಿದೆ, ಆವರಣದ ಅಂಚಿನಲ್ಲಿ ಕಾವಲುಗೋಪುರಗಳಿವೆ. ಆನೆ, ಮಾವುತರು, ಸೈನಿಕರು ಸದಾ ಸುಳಿದಾಡುವ ಇಂಥ ಜಾಗದ ಮಗ್ಗುಲಲ್ಲಿ ಅಂತಃಪುರವನ್ನು ಕಟ್ಟಿಸುವ ಅರಸ ಯಾರು? ಆದುದರಿಂದಲೇ ಅದು ಸೇನೆಗೆ ಅಥವಾ ಸೇನಾಧಿಪತಿಗಳಿಗೆ ಸಂಬಂಧಿಸಿದ ಆವರಣವಾಗಿದ್ದಿರಬೇಕೆಂದು, ಕಮಲ ಮಹಲು ಗಾಳಿಯಾಡುವ ಸಭಾಮಂಟಪವಾಗಿದ್ದಿರಬೇಕೆಂದು ವಿದ್ವಾಂಸರು ಭಾವಿಸುತ್ತಾರೆ. ರಾಣಿಯ ಸ್ನಾನಗೃಹವೂ ಅಷ್ಟೇ. ಹೊರಗಿನಿಂದ ಬೋಳು ಗೋಡೆ, ಒಳಗೆ ಕೊಳದ ಸುತ್ತ ಕಮಾನಿನ ಮೊಗಸಾಲೆ, ನೀರಿನ ಮೇಲೆ ಚಾಚಿದ ಉಪ್ಪರಿಗೆಗಳು. ಅರಸನೂ ಪರಿವಾರವೂ ಜಲಕ್ರೀಡೆಯಾಡುವ ತಾಣವದು. ರಾಣಿಯರಿಗೆಂದೇ ಕಟ್ಟಿದುದೆನ್ನಲು ಆಧಾರವಿಲ್ಲ.

ಹಾಗಾದರೆ ಅರಮನೆ ಎಲ್ಲಿ?

ಇದಕ್ಕೆ ಉತ್ತರ ನನಗೆ ಹೊಳೆದುದು ಹಂಪೆಯಲ್ಲಲ್ಲ, ನಮ್ಮ ಅಜ್ಜನ ಊರಿನಲ್ಲಿ. ಬಂಧುಗಳಿಗೆ ನೆನಪಿರುವಂತೆ ಆ ತೊಟ್ಟಿ ಮನೆ ಪಾಲಾದ ಮೇಲೆ ಯಾರೂ ವಾಸವಿಲ್ಲದೆ ಬಿದ್ದುಹೋಯಿತು. ಕೆಲವು ವರ್ಷಗಳ ಬಳಿಕ ಹೋಗಿ ನೋಡಿದಾಗ ಜಂತೆಗಳನ್ನು ಗೆದ್ದಲು ತಿಂದಿತ್ತು, ತೊಲೆ, ಬಾಗಿಲವಾಡಗಳನ್ನು ಯಾರೋ ಕೊಂಡೊಯ್ದಿದ್ದರು, ಮಣ್ಣಿನ ಗೋಡೆ ಮಳೆಗೆ ಕರಗಿತ್ತು. ಉಳಿದಿದ್ದುದು ಜಗಲಿಯ ಕಲ್ಲುಕಟ್ಟು, ಎರಡು ಮೆಟ್ಟಿಲು, ಮತ್ತು ತೊಟ್ಟಿಯ ಸುತ್ತ ಮರದ ಕಂಬಗಳನ್ನು ಹೊತ್ತಿದ್ದ ಕಲ್ಲುಗಳು. ಆ ಕಲ್ಲುಗಳ ನಡುವೆ ನಿಂತು, ಇಲ್ಲಿ ಅಜ್ಜ ಕುಳಿತಿರುತ್ತಿದ್ದರು, ಇಲ್ಲಿ ಅಜ್ಜಿಯ ಒರಳಿತ್ತು, ಇದು ಬಾಣಂತಿಯ ಕೋಣೆ ಎಂದು ನಾನು ಕಣ್ಣುಮುಚ್ಚಿಕೊಂಡೇ ಹೇಳಬಲ್ಲವನಾಗಿದ್ದೆ. ಅಲ್ಲಿ ಬಾಳದವನಿಗೆ ಮಾತ್ರ ಅದೊಂದು ಕಲ್ಲಿನ ಗುಪ್ಪೆ.

ಹಂಪೆಯ ಅರಮನೆಯೂ ಎಲ್ಲಿಗೂ ಹೋಗಿಲ್ಲ. ನಾವು 1979ರಲ್ಲಿ ಅದರ ನಡುವೆಯೇ ನಡೆದಾಡಿದ್ದೆವು. ಅದನ್ನು ಓದಲು ನನಗೆ ಬರುತ್ತಿರಲಿಲ್ಲ, ಅಷ್ಟೆ.

ವಿಜಯನಗರದಲ್ಲಿ ದೇವರಿಗೂ ಮನುಷ್ಯರಿಗೂ ಮನೆ ಕಟ್ಟುವ ಕ್ರಮ ಬೇರೆಬೇರೆಯಾಗಿತ್ತು. ದೇವಾಲಯದ ಕಂಬ, ತೊಲೆ, ಚಾವಣಿ ಎಲ್ಲವೂ ಕಲ್ಲು. ಆದುದರಿಂದಲೇ ವಿಟ್ಠಲ ದೇವಾಲಯ ಇಷ್ಟೆಲ್ಲ ಪೆಟ್ಟು ತಿಂದೂ ನಿಂತಿದೆ. ಅರಮನೆಗೆ ಅಡಿಪಾಯವೂ ಜಗಲಿಯೂ ಮಾತ್ರ ಕಲ್ಲು. ಅದರ ಮೇಲೆ ಮರದ ಕಂಬಗಳು, ಮರದ ಮಹಡಿ, ಗಾರೆ ಬಳಿದ ಗೋಡೆಗಳು. ಅರಸ ಎಷ್ಟೇ ದೊಡ್ಡವನಾದರೂ ಅವನ ಮನೆ ನಮ್ಮ ಅಜ್ಜನ ಮನೆಯ ಜಾತಿಯದೇ ಆಗಿತ್ತು. ಬೆಂಕಿಗೂ ಗೆದ್ದಲಿಗೂ ಅದೊಂದೇ, ಇದೊಂದೇ.

ಈ ತಿಳಿವಳಿಕೆಯಿಟ್ಟುಕೊಂಡು ಈಗ ಅರಮನೆಯ ಪ್ರಾಂಗಣವನ್ನು ಪ್ರವೇಶಿಸೋಣ. ಎಲ್ಲಕ್ಕಿಂತ ಎತ್ತರವಾಗಿ ಕಾಣುವುದು ಮಹಾನವಮಿ ದಿಬ್ಬ. ಒಂದರ ಮೇಲೊಂದು ಮೂರು ಅಂತಸ್ತುಗಳಾಗಿ ಸುಮಾರು 12 ಮೀಟರ್ ಎತ್ತರಕ್ಕೆ ಏರುವ ಈ ಜಗತಿಯ ಸುತ್ತಲೂ ಆನೆಗಳ ಸಾಲು, ಬೇಟೆ, ಜಟ್ಟಿಗಳ ಕಾಳಗ, ಕೋಲಾಟ, ಕುದುರೆಗಳನ್ನು ಹಿಡಿದು ನಿಂತ ಪರದೇಶಿ ವರ್ತಕರು. ನೆತ್ತಿಯ ಮೇಲೆ ಹತ್ತಿದರೆ ಬರಿಯ ಬಯಲು. ಆದರೆ ಅಲ್ಲಿಯ ಕಲ್ಲುಗಳಲ್ಲಿ ಕಂಬಗಳನ್ನು ನಿಲ್ಲಿಸಿದ್ದ ಕುಳಿಗಳಿವೆ. ನವರಾತ್ರಿಯ ಒಂಬತ್ತು ದಿನಗಳಲ್ಲಿ ಅರಸನು ಮಂಡಲಾಧಿಪತಿಗಳಿಂದ ಕಾಣಿಕೆ, ವಂದನೆಗಳನ್ನು ಸ್ವೀಕರಿಸಿದ ಮರದ ಮಂಟಪ ಈ ಕುಳಿಗಳಲ್ಲಿ ಕಾಲೂರಿ ನಿಂತಿದ್ದಿತು.

ದಿಬ್ಬದಿಂದ ಪಶ್ಚಿಮಕ್ಕೆ ನಡೆದರೆ ನೆಲದ ಮೇಲೆ ಸಾಲಿಗೆ ಹತ್ತರಂತೆ ಹತ್ತು ಸಾಲು, ನೂರು ಕಂಬಗಳ ನೆಲೆಗಳು. ಇದು ಸಭಾಂಗಣ. ದಕ್ಷಿಣದ ಮಗ್ಗುಲಲ್ಲಿ ಮೇಲೇರುವ ಮೆಟ್ಟಿಲುಗಳ ಶೇಷವಿರುವುದರಿಂದ ಇದಕ್ಕೆ ಮಹಡಿಯೂ ಇದ್ದಿತೆಂದು ಊಹಿಸಲಾಗಿದೆ. 1443ರಲ್ಲಿ, ಎರಡನೆಯ ದೇವರಾಯನ ಕಾಲದಲ್ಲಿ, ಹೆರಾತಿನ ಷಾರುಖ್ ದೊರೆಯ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು ಅರಸನನ್ನು ಮೊದಲು ಕಂಡುದು ‘ನಲವತ್ತು ಕಂಬಗಳ’ ಸಭಾಂಗಣದಲ್ಲಿ ಎಂದು ಬರೆದಿದ್ದಾನೆ. ಪಾರಸಿ ಭಾಷೆಯಲ್ಲಿ ಬಹುಸ್ತಂಭಗಳ ಮಂಟಪಕ್ಕೆ ನಲವತ್ತು ಕಂಬದ ಮಂಟಪವೆನ್ನುವುದು ರೂಢಿ, ಎಣಿಸಿ ಹೇಳಿದ ಲೆಕ್ಕವಲ್ಲ. ಅರಸ ಮುತ್ತಿನ ಹಾರ ಧರಿಸಿ ಕುಳಿತಿದ್ದನೆಂದೂ ಎಡಬಲಗಳಲ್ಲಿ ಬ್ರಾಹ್ಮಣರೂ ಇತರರೂ ನೆರೆದಿದ್ದರೆಂದೂ ಆತ ಹೇಳುತ್ತಾನೆ. ಆ ನೂರು ಕುಳಿಗಳ ನಡುವೆ ನಿಂತಾಗ ನಾನು ಬಗ್ಗಿ ಒಂದರೊಳಗೆ ಕೈಯಿಟ್ಟು ನೋಡಿದೆ. ಕಂಬದ ಕೂರು ಎಷ್ಟು ದಪ್ಪವಿದ್ದಿರಬೇಕೆಂದು ಕೈಗೆ ತಿಳಿಯಿತು. ಪಠ್ಯಪುಸ್ತಕದ ಚಿತ್ರದಿಂದ ಇದು ತಿಳಿಯುವಂಥದಲ್ಲ.

ಅದೇ ರಜಾಕನು ಅರಮನೆಯ ಬಳಿ ನುಣುಪಾಗಿ ಕಡೆದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿದ್ದುದನ್ನು ಕಂಡು ಮೆಚ್ಚಿಕೊಂಡಿದ್ದಾನೆ. ಆ ಮಾತು ಅತಿಶಯೋಕ್ತಿಯಲ್ಲವೆಂಬುದಕ್ಕೆ ಸಾಕ್ಷಿ ಇಂದು ಕಣ್ಣೆದುರಿಗಿದೆ. ಕಮಲಾಪುರದ ಕೆರೆಯ ಕಡೆಯಿಂದ ಬಂದ ನೀರು ಕಲ್ಲುಗಂಬಗಳ ಮೇಲೆ ಕೂರಿಸಿದ ಕಲ್ಲುದೋಣಿಗಳಲ್ಲಿ ಹರಿದು ಪ್ರಾಂಗಣದ ಕೊಳಗಳಿಗೆ ಸೇರುತ್ತಿತ್ತು. ಅವುಗಳಲ್ಲಿ ಮೆಟ್ಟಿಲು ಕೊಳ ಅತ್ಯಂತ ಸುಂದರವಾದುದು. ಕಪ್ಪು ಹಸಿರು ಛಾಯೆಯ ಬಳಪದ ಕಲ್ಲಿನಿಂದ ಐದು ಅಂತಸ್ತುಗಳಲ್ಲಿ ಕಟ್ಟಿದ ಈ ಚೌಕಾಕಾರದ ಕೊಳವನ್ನು ಉತ್ಖನನಕಾರರು ಹೊರತೆಗೆದುದು 1980ರ ದಶಕದಲ್ಲಿ. ಅಂದರೆ ನಾವು ಹೋದಾಗ ಅದು ಮಣ್ಣಿನಡಿಯಲ್ಲಿ ಮಲಗಿತ್ತು. ಅದರ ಮೇಲೆಯೇ ನೀವು ಕುಂಟಾಬಿಲ್ಲೆ ಆಡಿರಲೂಬಹುದು!

ಈ ಕೊಳದ ಕಲ್ಲುಗಳ ಮೇಲೆ ಸಣ್ಣ ಸಣ್ಣ ಅಕ್ಷರಗಳೂ ಅಂಕೆಗಳೂ ಇವೆ. ಈ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಎಷ್ಟನೆಯದು ಎಂಬ ಗುರುತುಗಳವು. ಮೊದಲೇ ಅಳೆದು, ಕಡೆದು, ಗುರುತು ಹಾಕಿ, ಅನಂತರ ಜೋಡಿಸಿದ್ದಾರೆ. ಅರಸರ ಹೆಸರನ್ನು ಶಾಸನಗಳು ಹೊಗಳುತ್ತವೆ, ಆದರೆ ಈ ಪುಟ್ಟ ಗುರುತುಗಳು ಹೆಸರಿಲ್ಲದ ಕಲ್ಲುಕುಟಿಗನ ಕೈಬರಹ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ಮೂವತ್ತು ವರ್ಷಕ್ಕೂ ಮಿಗಿಲಾಗಿ ತಿದ್ದಿದವನಿಗೆ ಆ ಕೈಬರಹ ಕಂಡು ಏನನ್ನಿಸಿತೆಂಬುದನ್ನು ನೀವೇ ಊಹಿಸಿಕೊಳ್ಳಿ.

ಇದುವರೆಗೆ ನಾವು ನೋಡಿದುದು ಅರಮನೆಯ ಹೊರಮುಖ, ಅರಸನು ಲೋಕಕ್ಕೆ ಕಾಣಿಸಿಕೊಳ್ಳುತ್ತಿದ್ದ ಭಾಗ. ಅವನ ಮನೆ? ಅದಕ್ಕೆ ಹಜಾರರಾಮ ದೇವಾಲಯದ ಕಡೆಗೆ ಬರಬೇಕು. ಹದಿನೈದನೆಯ ಶತಮಾನದ ಆದಿಯಲ್ಲಿ, ಒಂದನೆಯ ದೇವರಾಯನ ಕಾಲದಲ್ಲಿ ಕಟ್ಟಿದ ಈ ಗುಡಿಯ ಪ್ರಾಕಾರದ ಹೊರಮೈಯಲ್ಲಿ ಮಹಾನವಮಿಯ ಮೆರವಣಿಗೆ, ಒಳಗೆ ರಾಮಾಯಣ. ಪಟ್ಟಣದ ಹಾದಿಗಳು ಇದರ ಮುಂದಿನ ಬಯಲಿಗೆ ಬಂದು ಕೂಡುತ್ತವೆ. 1980ರಿಂದ ಹಲವಾರು ವರ್ಷ ಇಲ್ಲಿಯೇ ಬೀಡುಬಿಟ್ಟು ಅಳತೆ ಮಾಡಿದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಎಂಬ ವಿದ್ವಾಂಸರು ಈ ಗುಡಿಯನ್ನು ಅರಮನೆಯ ನಡುನೆತ್ತಿಯೆಂದು ಗುರುತಿಸಿದರು. ಗುಡಿಯ ಪೂರ್ವಕ್ಕೆ ದಿಬ್ಬ, ಸಭಾಂಗಣಗಳಿರುವ ರಾಜಕಾರ್ಯದ ಭಾಗ, ಪಶ್ಚಿಮಕ್ಕೆ ವಾಸದ ಭಾಗ, ನಡುವೆ ರಾಮ. ಗುಡಿಯಿಂದ ಉತ್ತರಕ್ಕೆ ನೇರವಾಗಿ ಮತಂಗ ಪರ್ವತ. ಸುಗ್ರೀವನು ಆಶ್ರಯ ಪಡೆದ ಬೆಟ್ಟವೆಂದು ಜನ ನಂಬಿದ ಶಿಖರವನ್ನೂ ಅರಸನ ನಿತ್ಯದ ಬದುಕನ್ನೂ ಒಂದೇ ಗೆರೆಯಲ್ಲಿ ಜೋಡಿಸಿದ ನಗರವಿದು.

ಗುಡಿಯ ಪಶ್ಚಿಮದ ಆ ತಗ್ಗಿನಲ್ಲಿ 1980ರ ದಶಕದಲ್ಲಿ ರಾಜ್ಯದ ಪುರಾತತ್ತ್ವ ಇಲಾಖೆಯವರು ಅಗೆದಾಗ ಒಂದರ ಪಕ್ಕದಲ್ಲೊಂದು ಹಲವು ಮನೆಗಳ ನೆಲಗಟ್ಟುಗಳು ಹೊರಬಂದವು. ಪ್ರತಿಯೊಂದಕ್ಕೂ ತನ್ನದೇ ಪೌಳಿ, ಅಂಗಳ. ಮುಖ ಪೂರ್ವಕ್ಕೆ ಅಥವಾ ಉತ್ತರಕ್ಕೆ. ಮುಂದಿನಿಂದ ಹಿಂದಕ್ಕೆ ಹೋದಂತೆ ನೆಲ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎರಡು ಬದಿಗಳಲ್ಲಿ ಚಾಚಿದ ಜಗಲಿ, ನಡುವೆ ತೆರವು, ಎಲ್ಲಕ್ಕಿಂತ ಎತ್ತರದಲ್ಲಿ, ಎಲ್ಲಕ್ಕಿಂತ ಒಳಗೆ ಕೋಣೆ. ಬಂದವರು ಯಾವ ಮೆಟ್ಟಿಲಿನವರೆಗೆ ಬರಬಹುದೆಂಬುದು ಅವರವರ ಯೋಗ್ಯತೆಗೆ ತಕ್ಕಂತೆ ನಿಶ್ಚಯವಾಗಿದ್ದಂತೆ ತೋರುತ್ತದೆ. ನಮ್ಮ ಮನೆಗಳಲ್ಲಿ ಜಗಲಿಯವರು, ಪಡಸಾಲೆಯವರು, ನಡುಮನೆಯವರು ಎಂದು ಇದ್ದಿಲ್ಲವೆ? ಹಾಗೆಯೇ. ಗಾರೆಯ ನೆಲದ ನುಣುಪು ಕೆಲವೆಡೆ ಇಂದಿಗೂ ಉಳಿದಿದೆ. ಚೀನಾದ ಪಿಂಗಾಣಿಯ ಚೂರುಗಳೂ ಇಲ್ಲಿ ಸಿಕ್ಕಿವೆ. ಫಲಕಗಳಲ್ಲಿ ಇದಕ್ಕೆ ಶ್ರೀಮಂತರ ವಸತಿಪ್ರದೇಶವೆಂಬ ಹೆಸರು. ಅರಸುಮನೆತನದವರೂ ಅತ್ಯಂತ ಆಪ್ತರೂ ಬಾಳಿದ ಮನೆಗಳು ಈ ಬಗೆಯವೇ ಆಗಿದ್ದವು.

ಇನ್ನು ಈ ಮನೆಗಳೊಳಗೆ ಏನಿತ್ತು? ನೆಲಗಟ್ಟು ಅಷ್ಟನ್ನು ಹೇಳಲಾರದು. ಇಲ್ಲಿ ನಮಗೆ ನೆರವಾಗುವವನು ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್. ಅವನ ಬರಹ ಪ್ಯಾರಿಸ್ಸಿನ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಅಡಗಿದ್ದು, 1897ರಲ್ಲಿ ಅಚ್ಚಾಗಿ, 1900ರಲ್ಲಿ ರಾಬರ್ಟ್ ಸಿವೆಲ್ ಅವರ ಪುಸ್ತಕದ ಮೂಲಕ ನಮಗೆ ತಲಪಿತು. ಪಾಯೆಸನಿಗೂ ಅವನ ಸಂಗಡಿಗರಿಗೂ ಅರಮನೆಯ ಒಂದು ಭಾಗವನ್ನು ತೋರಿಸಲು ಅಪ್ಪಣೆಯಾಯಿತು. ಬಾಗಿಲಲ್ಲಿ ಅವರನ್ನು ಒಬ್ಬೊಬ್ಬರಾಗಿ ಎಣಿಸಿ ಒಳಗೆ ಬಿಟ್ಟರಂತೆ, ನಾನು ನಿಮ್ಮನ್ನು ಬಸ್ಸು ಹತ್ತಿಸುವಾಗ ಎಣಿಸುತ್ತಿದ್ದ ಹಾಗೆ. ಅರಸನ ವಾಸದ ಬಾಗಿಲ ಇಕ್ಕೆಲಗಳಲ್ಲಿ ಜೀವಂತವೆನ್ನುವಂತೆ ಬಣ್ಣ ಹಚ್ಚಿದ ಎರಡು ರೂಪಗಳು, ಬಲಗಡೆ ಅರಸನ ತಂದೆ, ಎಡಗಡೆ ಅರಸ. ಒಳಗೆ ಒಂದು ಕೋಣೆಯ ಗೋಡೆ, ಕಂಬ ಎಲ್ಲವೂ ದಂತದ ಕೆಲಸ, ಅದರ ಮೇಲೆ ದಂತದಲ್ಲೇ ಕೊರೆದ ಗುಲಾಬಿಗಳೂ ತಾವರೆಗಳೂ. ನಾಟ್ಯಶಾಲೆಯೊಂದರಲ್ಲಿ ನರ್ತನ ಮುಗಿದಾಗ ನಿಲ್ಲಬೇಕಾದ ಭಂಗಿಗಳನ್ನು ಗೋಡೆಯ ಫಲಕಗಳಲ್ಲಿ ಕೆತ್ತಿಸಲಾಗಿತ್ತು. ಹುಡುಗಿಯರು ಭಂಗಿ ಮರೆತರೆ ಅದನ್ನು ನೋಡಿ ತಿದ್ದಿಕೊಳ್ಳಲೆಂದು! ಅರಮನೆಯಲ್ಲೂ ಒಂದು ಪಾಠಶಾಲೆಯಿತ್ತು, ಮರೆಯುವ ವಿದ್ಯಾರ್ಥಿಗಳಿದ್ದರು, ಅವರಿಗಾಗಿ ಯೋಚಿಸಿದ ಗುರುವೊಬ್ಬನಿದ್ದ ಎಂದು ತಿಳಿದು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇನ್ನೊಂದು ಕೋಣೆಯಲ್ಲಿ ಪಾಯೆಸ್ ಕಂಡುದು ಬೆಳ್ಳಿಯ ಸರಪಳಿಗಳಿಂದ ಇಳಿಬಿಟ್ಟ ಒಂದು ಮಂಚ, ಅದರ ಕಾಲುಗಳು ಚಿನ್ನದವು. ಅದರೆದುರಿನ ಕೋಣೆಯಲ್ಲಿ ಚಿನ್ನದ ಸರಪಳಿಗಳ, ರತ್ನ ಕೆತ್ತಿದ ಕಾಲುಗಳ ಇನ್ನೊಂದು ಮಂಚ. ಅಂದರೆ ತೂಗುಮಂಚ! ನಮ್ಮ ಮನೆಯ ಪಡಸಾಲೆಯಲ್ಲಿ ಕಬ್ಬಿಣದ ಸರಪಳಿಗೆ ತೂಗುತ್ತಿದ್ದ ಉಯ್ಯಾಲೆಮಣೆಯ ದೊಡ್ಡಣ್ಣ.

ಇಷ್ಟೆಲ್ಲ ವೈಭವ ಎಲ್ಲಿ ಹೋಯಿತೆಂಬ ಪ್ರಶ್ನೆಗೆ ನಾನು ಕೊಟ್ಟ ಒಂದು ಸಾಲಿನ ಉತ್ತರವನ್ನೂ ಈಗ ತಿದ್ದಬೇಕಾಗಿದೆ. 1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿಯ ಯುದ್ಧದಲ್ಲಿ ಅಳಿಯ ರಾಮರಾಯ ಮಡಿದ. ತಿರುಮಲರಾಯ ಅರಸನನ್ನೂ ಭಂಡಾರವನ್ನೂ ಕರೆದುಕೊಂಡು ಪೆನುಗೊಂಡೆಗೆ ಹೋದ. ಗೆದ್ದ ಸೈನ್ಯ ಪಟ್ಟಣವನ್ನು ಸೂರೆಮಾಡಿತು, ಸುಟ್ಟಿತು. ಇದು ನಿಜ, ಇದನ್ನು ಮರೆಮಾಚಬೇಕಿಲ್ಲ. ಆದರೆ 1567ರಲ್ಲಿ ಬಂದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕನು ಪಟ್ಟಣ ಪೂರ್ತಿ ನಾಶವಾಗಿಲ್ಲವೆಂದೂ ಮನೆಗಳು ಇನ್ನೂ ನಿಂತಿವೆ, ಆದರೆ ಬರಿದಾಗಿವೆ, ಹುಲಿ ಮುಂತಾದ ಮೃಗಗಳು ಅಲ್ಲಿ ವಾಸವಾಗಿವೆಯೆಂದೂ ಬರೆಯುತ್ತಾನೆ. ಅಂದರೆ ಸೈನ್ಯ ಸುಟ್ಟುದು ಒಂದು ಪಾಲು. ಅರಸು ಮರಳಿ ನೆಲೆಸದೆ, ಹೆಂಚು ಸರಿಪಡಿಸುವವರಿಲ್ಲದೆ, ಮಳೆ, ಗೆದ್ದಲು, ಮರ ಕಲ್ಲುಗಳನ್ನು ಹೊತ್ತೊಯ್ದ ಕೈಗಳು, ಇವು ಕೆಡವಿದುದು ಇನ್ನೊಂದು ಪಾಲು. ಮನೆ ಬೀಳಲು ಶತ್ರುವೇ ಬೇಕಾಗಿಲ್ಲ, ದೀಪ ಹಚ್ಚುವವರು ಇಲ್ಲದಿದ್ದರೆ ಸಾಕು ಎಂಬುದನ್ನು ಅಜ್ಜನ ಮನೆಯಿಂದ ನಾವು ಬಲ್ಲೆವು.

ಇದರೊಳಗೊಂದು ವಿಚಿತ್ರವನ್ನೂ ಗಮನಿಸಬೇಕು. ಅರಮನೆಯ ಆವರಣದಲ್ಲಿ ಚಾವಣಿ ಸಹಿತ ಉಳಿದುಕೊಂಡ ಲೌಕಿಕ ಕಟ್ಟಡಗಳು ಯಾವುವು? ಕಮಲ ಮಹಲು, ಗಜಶಾಲೆ, ಸ್ನಾನಗೃಹ. ಅವು ಉಳಿದುದು ಏಕೆಂದರೆ ಅವುಗಳಲ್ಲಿ ಮರದ ತೊಲೆಯ ಹಂಗಿಲ್ಲ. ಭಾರವನ್ನು ಹೊತ್ತಿರುವುದು ಕಮಾನು, ಗುಮ್ಮಟ, ಗಾರೆ. ಈ ವಿದ್ಯೆ ಬಂದುದು ಬಹಮನಿ ಸೀಮೆಯಿಂದ. ವಿಜಯನಗರದ ಅರಸರು ತಮ್ಮನ್ನು ‘ಹಿಂದೂರಾಯ ಸುರತ್ರಾಣ’ರೆಂದು, ಅಂದರೆ ಹಿಂದೂ ರಾಯರಲ್ಲಿ ಸುಲ್ತಾನರೆಂದು ಕರೆದುಕೊಂಡರು. ಅವರ ಸೇನೆಯಲ್ಲಿ ಮುಸಲ್ಮಾನ ಸರದಾರರಿದ್ದರು. ಅಂಥವನೊಬ್ಬ, ಅಹಮದ್ ಖಾನ್, 1439ರಲ್ಲಿ ಕಟ್ಟಿಸಿದ ಮಸೀದಿಯನ್ನು ಅದರ ಶಾಸನ ‘ಧರ್ಮಸಾಲೆ’ಯೆಂದೇ ಕರೆಯುತ್ತದೆ. ಯುದ್ಧದಲ್ಲಿ ಎದುರಾಳಿಯಾದವರಿಂದ ಕಲಿತ ಕಲೆಯೇ ಇಂದು ಆ ಅರಮನೆಯ ಮೇಲ್ಮುಖವನ್ನು ನಮಗೆ ತೋರಿಸಲು ಉಳಿದಿದೆ. 1979ರಲ್ಲಿ “ಶತ್ರುಗಳು ಒಡೆದುಹಾಕಿದರು” ಎಂದಷ್ಟೇ ಹೇಳಿ ಮುಗಿಸಿದಾಗ ನಾನು ಈ ಅರ್ಧವನ್ನು ನಿಮ್ಮಿಂದ ಕಸಿದುಕೊಂಡಂತಾಯಿತು. ಅರ್ಧ ಇತಿಹಾಸ ಹೇಳಿದ ಮೇಷ್ಟರ ತಪ್ಪು ಚಿಕ್ಕದಲ್ಲ. ಕೇಳಿದ ಮಕ್ಕಳು ಉಳಿದರ್ಧವನ್ನು ಸಿಟ್ಟಿನಿಂದ ತುಂಬಿಕೊಳ್ಳುತ್ತಾರೆ.

ಈಗ ಆ ಹುಡುಗನಿಗೆ. ನೀನು ಈಗ ಅರವತ್ತನ್ನು ದಾಟಿರುತ್ತೀಯೆ, ಮೊಮ್ಮಕ್ಕಳೂ ಇರಬಹುದು. ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಅರಸ ಮಲಗುತ್ತಿದ್ದುದು ಮರದಿಂದ ಕಟ್ಟಿದ ಮನೆಯಲ್ಲಿ, ಹಲವು ಮೆಟ್ಟಿಲುಗಳ ಮೇಲೆ ಎಲ್ಲಕ್ಕಿಂತ ಒಳಗಿನ ಕೋಣೆಯಲ್ಲಿ, ಸರಪಳಿಗೆ ತೂಗಿದ ಮಂಚದ ಮೇಲೆ. ಇದೇ ಆ ಕೋಣೆಯೆಂದು ಹೇಳುವ ಶಾಸನವಿಲ್ಲ. ಆದರೆ ಹಜಾರರಾಮನ ಗುಡಿಯ ಪಶ್ಚಿಮಕ್ಕೆ ಇಳಿದು ಆ ನೆಲಗಟ್ಟುಗಳಲ್ಲಿ ಯಾವುದನ್ನಾದರೂ ಹತ್ತಿ, ಕೊನೆಯ ಮೆಟ್ಟಿಲಿನ ಮೇಲೆ ನಿಂತು ಬಂದ ದಾರಿಯತ್ತ ತಿರುಗಿದರೆ, ಅಂಥ ಮನೆಯ ಯಜಮಾನನ ಕಣ್ಣಿಗೆ ಬೆಳಗಿನ ಬಿಸಿಲು, ಅಂಗಳ, ಕಾದು ನಿಂತ ಜನ ಹೇಗೆ ಕಾಣುತ್ತಿದ್ದಿರಬೇಕೆಂಬುದು ತಿಳಿಯುತ್ತದೆ.

ನಿಮ್ಮಲ್ಲಿ ಯಾರೇ ಮಕ್ಕಳನ್ನು ಹಂಪೆಗೆ ಕರೆದುಕೊಂಡು ಹೋದರೂ ಕಲ್ಲಿನ ರಥವನ್ನು ನೋಡಿ, ಚಿತ್ರ ತೆಗೆದುಕೊಂಡು ಮರಳಿಬಿಡಬೇಡಿ. ನೂರು ಕುಳಿಗಳ ಸಭಾಂಗಣಕ್ಕೆ ಹೋಗಿ, ಒಂದೊಂದು ಕುಳಿಯ ಬಳಿ ಒಬ್ಬೊಬ್ಬ ಮಗುವನ್ನು ಕಂಬದಂತೆ ನಿಲ್ಲಿಸಿ ನೋಡಿ. ಅರಮನೆ ಒಂದು ಕ್ಷಣ ಎದ್ದು ನಿಲ್ಲುತ್ತದೆ. ಯಾವುದಾದರೂ ಮಗು ಪ್ರಶ್ನೆ ಕೇಳಿದರೆ ದಯವಿಟ್ಟು ಸಾಲಿಗೆ ಕಳುಹಿಸಬೇಡಿ.

ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ಇಂತು,
ನಿಮ್ಮ ಮೇಷ್ಟರು